ಮೆಸ್ಸಿನ ಅನ್ನಕ್ಕೆ ಮರದ ಎಲೆಯೇ ಜೋಡಿ

ಕಾಲೇಜು, ಹಾಸ್ಟೆಲ್‌ಗಳ ಕಸದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ವಾಸನೆಯ ದೂರೇ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೇಡಂ, ನಮ್ಮ ಇಕೋ ಕ್ಲಬ್‌ನಿಂದ ಹಾಸ್ಟೆಲ್ ಹಿಂದೆ ಗುಂಡಿ ತೆಗೆದು ಮೆಸ್ಸಿನಲ್ಲಿ ಉಳಿದ ಅನ್ನ, ಸಾರು, ಮಜ್ಜಿಗೆ ಎಲ್ಲ ಹಾಕಿದೆವು. ಎರಡೇ ವಾರಕ್ಕೆ ಗಬ್ಬು ವಾಸನೆ, ನೊಣ, ಮೈಮೇಲೆಲ್ಲ ಹರಿದಂತಾಗುವ ಹುಳು. ವಾರ್ಡನ್ ಬೈದು ಗುಂಡಿ ಮುಚ್ಚಿಸಿದರು. ಎಲ್ಲಿ ಎಡವಿದೆವು?
— ಬಿ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ನಿನ್ನ ಪತ್ರದಲ್ಲಿ ಅನ್ನ ಇದೆ, ಸಾರು ಇದೆ, ಮಜ್ಜಿಗೆಯೂ ಇದೆ. ಒಣಗಿದ ಎಲೆಯ ಮಾತೇ ಇಲ್ಲವಲ್ಲಮ್ಮ! ಎಡವಿದ್ದು ಅಲ್ಲೇ.

ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಇಂಗಾಲ ಬೇಕು, ಸಾರಜನಕ ಬೇಕು. ಸಾರಜನಕ ಒಂದು ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಇರಬೇಕು. ಊಟದ ಕಸದಲ್ಲಿ ಇಂಗಾಲ 15–20 ಪಾಲಿನ ಹತ್ತಿರ ನಿಂತುಬಿಡುತ್ತದೆ. ಒಣ ಎಲೆಯಲ್ಲಿ 40ರಿಂದ 80ರವರೆಗೆ ಇರುತ್ತದೆ. ಎರಡೂ ಬೆರೆತರೆ ಲೆಕ್ಕ ತಾನಾಗಿ ಸರಿಹೋಗುತ್ತದೆ. ಬರೀ ಅನ್ನ ಸಾರು ಸುರಿದರೆ ಹೆಚ್ಚಾದ ಸಾರಜನಕ ಅಮೋನಿಯಾ ಆಗಿ ಮೂಗಿಗೆ ಹೊಡೆಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ನೀರಿನದು. ಅನ್ನ ಮುದ್ದೆಯಾಗಿ ಕೂತರೆ ಒಳಗೆ ಗಾಳಿಯೇ ಹೋಗುವುದಿಲ್ಲ. ಗಾಳಿ ಇಲ್ಲದ ಕಡೆ ಬೆಳೆಯುವ ಜೀವಿಗಳೇ ಬೇರೆ. ಆ ಕೊಳೆತ ಮೊಟ್ಟೆಯ ವಾಸನೆ ಅವುಗಳದ್ದು.

ಕ್ಲಾಸಿನ ಲೆಕ್ಕ ಬಿಟ್ಟು ಬಕೆಟ್ ಲೆಕ್ಕ ಹೇಳುತ್ತೇನೆ. ಒಂದು ಬಕೆಟ್ ಊಟದ ಕಸಕ್ಕೆ ಎರಡರಿಂದ ಮೂರು ಬಕೆಟ್ ಒಣ ಎಲೆ. ಎಲೆಯನ್ನು ಪುಡಿ ಮಾಡಿದ್ದರೆ ಎರಡು ಸಾಕು. ಸಾರು, ಮಜ್ಜಿಗೆಯನ್ನು ಮೊದಲು ಜರಡಿ ಬುಟ್ಟಿಯಲ್ಲಿ ಸೋಸಿ. ಅಕ್ಕಪಕ್ಕದಲ್ಲಿ ಹಸು ಕಟ್ಟಿದವರಿದ್ದರೆ ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು ಕಲಗಚ್ಚಿಗೆ ಖುಷಿಯಿಂದ ಒಯ್ಯುತ್ತಾರೆ. ಹಳಸಿದ್ದನ್ನು ಮಾತ್ರ ಕೊಡಬೇಡಿ. ರಾಶಿಯೊಳಗಿನದನ್ನು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಹದ. ಧಾರೆ ಇಳಿದರೆ ಇನ್ನಷ್ಟು ಎಲೆ. ಉದುರಿಹೋದರೆ ಸ್ವಲ್ಪ ನೀರು.

ಇನ್ನೊಂದು, ಗುಂಡಿ ಬೇಡ. ಊಟದ ಕಸಕ್ಕೆ ನೆಲದ ಮೇಲಿನ ರಾಶಿಯೇ ಮೇಲು. ಕೋಳಿ ಜಾಲರಿಯನ್ನು ಸುತ್ತಿ ಕಂಬಕ್ಕೆ ಕಟ್ಟಿ, ಮೇಲೊಂದು ತಗಡಿನ ಮಾಡು ಹಾಕಿ. ಉದ್ದ, ಅಗಲ, ಎತ್ತರ ಮೂರೂ ಕನಿಷ್ಠ ಮೂರು ಅಡಿ ಇರಲಿ. ಅದಕ್ಕಿಂತ ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ. ತಳಕ್ಕೆ ಒಂದು ಅಡಿ ಕಡ್ಡಿ, ಎಲೆ. ನಡುವೆ ಅನ್ನ. ಹಾಕಿದ ಕೂಡಲೇ ಮೇಲೆ ಎಲೆ ಮುಚ್ಚಬೇಕು, ಒಂದು ಅಗಳೂ ಕಾಣಬಾರದು. ನೊಣ, ಇಲಿ, ನಾಯಿ ಮೂರಕ್ಕೂ ಇದೇ ಮದ್ದು. ಮೂಳೆ, ಮೀನು ಶುರುವಿನಲ್ಲಿ ಬೇಡ. ಕೈ ಕುದುರಿದ ಮೇಲೆ ನೋಡೋಣ.

ಒಂದು ಕಬ್ಬಿಣದ ಸರಳನ್ನು ರಾಶಿಗೆ ಚುಚ್ಚಿಡಿ. ಹತ್ತು ನಿಮಿಷ ಬಿಟ್ಟು ಎಳೆದರೆ ತುದಿ ಹಿಡಿಯಲಾಗದಷ್ಟು ಬಿಸಿ ಇರಬೇಕು. ಒಳಗೆ 55 ಡಿಗ್ರಿ ದಾಟಿ ಮೂರು ದಿನ ನಿಂತರೆ ರೋಗಾಣು, ಕಳೆಬೀಜ ಬಹುಪಾಲು ಸಾಯುತ್ತವೆ. ವಾರಕ್ಕೊಮ್ಮೆ ಗುದ್ದಲಿ ಹಾಕಿ ಹೊರಗಿನದನ್ನು ಒಳಕ್ಕೆ, ಒಳಗಿನದನ್ನು ಹೊರಕ್ಕೆ ಮಾಡಿ. ಎರಡೂವರೆ ಮೂರು ತಿಂಗಳಲ್ಲಿ ಗೊಬ್ಬರ ಸಿಗುತ್ತದೆ.

ನೀನು ಹೇಳಿದ ಹುಳು ದಪ್ಪಗೆ, ಚಪ್ಪಟೆಯಾಗಿ, ಕಂದು ಬಣ್ಣಕ್ಕೆ ತಿರುಗುತ್ತಿದ್ದರೆ ಅದು ಕಪ್ಪು ಸೈನಿಕ ನೊಣದ ಮರಿ. ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ, ಅನ್ನವನ್ನು ಮಾತ್ರ ರಾಕ್ಷಸನ ಹಾಗೆ ತಿನ್ನುತ್ತದೆ. ನೋಡಲು ಅಸಹ್ಯ, ಒಪ್ಪುತ್ತೇನೆ. ವಾರ್ಡನ್‌ಗೆ ತೋರಿಸಬೇಡ.

ಒಣ ಎಲೆ ಹಾಕಿ ಅಂತೀರಿ. ನಮ್ಮಲ್ಲಿ ಎಲೆಯನ್ನೆಲ್ಲ ತೋಟದವರು ಬೆಳಗ್ಗೆಯೇ ಗುಡಿಸಿ ಬೆಂಕಿ ಹಾಕುತ್ತಾರೆ. ಕೇಳಿದರೆ ‘ಸಾಹೇಬ್ರು ಹೇಳಿದ್ದಾರೆ’ ಅಂತಾರೆ.
— ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಇದೇ ನನಗೆ ಎಲ್ಲ ಕ್ಯಾಂಪಸ್‌ನಲ್ಲೂ ಹೊಟ್ಟೆ ಉರಿಸುವ ವಿಷಯ. ಒಂದು ಮೂಲೆಯಲ್ಲಿ ಎಲೆ ಸುಡುತ್ತಿರುತ್ತದೆ, ಇನ್ನೊಂದು ಮೂಲೆಯಲ್ಲಿ ಅನ್ನ ನಾರುತ್ತಿರುತ್ತದೆ. ತೋಟದ ವಿಭಾಗ ಬೇರೆ, ಮೆಸ್ಸು ಬೇರೆ, ಇಬ್ಬರ ಮುಖ್ಯಸ್ಥರೂ ಬೇರೆ. ಎರಡು ಕಸವನ್ನು ಕೂಡಿಸುವ ಮುಂಚೆ ಈ ಇಬ್ಬರು ಮನುಷ್ಯರನ್ನು ಕೂಡಿಸಬೇಕು. ಇಕೋ ಕ್ಲಬ್ ಮಾಡಬಹುದಾದ ದೊಡ್ಡ ಕೆಲಸ ಇದೇ, ಪೋಸ್ಟರ್ ಸ್ಪರ್ಧೆ ಅಲ್ಲ.

ಸಾಹೇಬ್ರಿಗೆ ಒಂದು ಪತ್ರ ಬರೆಯಿರಿ. 2016ರ ಘನತ್ಯಾಜ್ಯ ನಿಯಮಗಳೇ ಕಸ ಸುಡಬಾರದು ಎಂದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದಿತು. ದಿನಕ್ಕೆ ಸರಾಸರಿ 100 ಕೆ.ಜಿ.ಗಿಂತ ಜಾಸ್ತಿ ಕಸ ಮಾಡುವ ಕಾಲೇಜನ್ನು ಆ ನಿಯಮಗಳು ‘ಸಗಟು ಕಸ ಉತ್ಪಾದಕ’ರ ಸಾಲಿಗೆ ಸೇರಿಸಿದವು. 5,000 ಚದರ ಮೀಟರ್‌ಗಿಂತ ದೊಡ್ಡ ಜಾಗ ಇರುವ ಸಂಸ್ಥೆಗಳು ಹಸಿ ಕಸವನ್ನು ಆದಷ್ಟೂ ತಮ್ಮ ಆವರಣದಲ್ಲೇ ಗೊಬ್ಬರವನ್ನೋ ಗ್ಯಾಸನ್ನೋ ಮಾಡಿಕೊಳ್ಳಬೇಕು ಎಂದವು. ಇಷ್ಟನ್ನು ಪತ್ರದಲ್ಲಿ ಬರೆದರೆ ಸಾಕು. ಕಾಳಜಿಗೆ ಬಗ್ಗದ ಫೈಲು ದಂಡಕ್ಕೆ ಬಗ್ಗುತ್ತದೆ.

ತೋಟದವರ ಮೇಲೆ ರೇಗಬೇಡಿ. ಎಲೆ ಸಾಗಿಸಲು ಗಾಡಿ ಇಲ್ಲ, ಇಡಲು ಜಾಗ ಇಲ್ಲ ಅಂದರೆ ಅವರೇನು ಮಾಡಬೇಕು? ಮಾಘ, ಫಾಲ್ಗುಣದಲ್ಲಿ ಎಲೆ ಉದುರುವಷ್ಟೂ ಚೀಲ ತುಂಬಿಸಿ ಒಣ ಶೆಡ್ಡಿನಲ್ಲಿಡಿ. ಮಳೆಗಾಲದಲ್ಲಿ ಒಂದು ಒಣ ಎಲೆಯೂ ಸಿಗುವುದಿಲ್ಲ, ಮೆಸ್ಸು ಮಾತ್ರ ನಡೆಯುತ್ತಲೇ ಇರುತ್ತದೆ.

ನಮ್ಮ ಕಾಲೇಜಿಗೆ 24 ಗಂಟೆಯಲ್ಲಿ ಗೊಬ್ಬರ ಮಾಡುವ ಯಂತ್ರ ಮಾರಲು ಒಬ್ಬರು ಬಂದಿದ್ದರು. ಬೆಲೆ ಲಕ್ಷಗಟ್ಟಲೆ. ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವುದರೊಳಗೆ ಕೂರಿಸೋಣ ಎಂದು ಆಡಳಿತ ಮಂಡಳಿಯ ಆಸೆ. ನಿಮ್ಮ ಸಲಹೆ?
— ಪ್ರಾಂಶುಪಾಲರು, ಮಂಡ್ಯ ಜಿಲ್ಲೆ

ಸರ್, ಆ ಯಂತ್ರ ಕಸವನ್ನು ಬಿಸಿ ಮಾಡುತ್ತದೆ, ಒಣಗಿಸುತ್ತದೆ, ಪುಡಿ ಮಾಡುತ್ತದೆ. ಹೊರಗೆ ಬರುವುದು ಕಂದು ಪುಡಿ, ನಿಜ. ಅದು ಒಣಗಿದ ಊಟ, ಮಾಗಿದ ಗೊಬ್ಬರ ಅಲ್ಲ. ಒಂದು ಹಿಡಿಗೆ ನೀರು ಚಿಮುಕಿಸಿ ಡಬ್ಬಿಯಲ್ಲಿ ಮುಚ್ಚಿಟ್ಟು ಮೂರು ದಿನ ಬಿಟ್ಟು ಮೂಸಿ ನೋಡಿ. ಮಾರಲು ಬಂದವರ ಎದುರಲ್ಲೇ ಮಾಡಿ, ಇನ್ನೂ ಚೆನ್ನ. ಅದನ್ನು ಮತ್ತೆ ಕೆಲವು ವಾರ ರಾಶಿ ಹಾಕಿ ಮಾಗಿಸದೆ ಗಿಡಕ್ಕೆ ಹಾಕಿದರೆ ಬೇರಿಗೆ ಪೆಟ್ಟು. ಕರೆಂಟ್ ಬಿಲ್ಲು ಬೇರೆ.

ಅದರ ಬದಲು ಎಲೆ ಪುಡಿ ಮಾಡುವ ಒಂದು ಯಂತ್ರ ತೆಗೆದುಕೊಳ್ಳಿ. ಪುಡಿಯಾದ ಎಲೆಗೆ ಜಾಗ ಕಡಿಮೆ ಸಾಕು, ಬೇಗ ಕೊಳೆಯುತ್ತದೆ. ಮಿಕ್ಕ ಹಣದಲ್ಲಿ ಒಬ್ಬರಿಗೆ ಸಂಬಳ ಕೊಡಿ. ಗೊಬ್ಬರ ಮಾಡುವುದು ದಿನಾ ಎರಡು ಗಂಟೆಯ ಕೆಲಸ. ಯಾರ ಕೆಲಸವೂ ಅಲ್ಲದ್ದು ಯಾರಿಂದಲೂ ಆಗುವುದಿಲ್ಲ. ವಿದ್ಯಾರ್ಥಿಗಳನ್ನು ನೆಚ್ಚಿ ಕೂತರೆ ಪರೀಕ್ಷೆ ಬಂತು, ರಜೆ ಬಂತು, ಮೂರನೇ ವರ್ಷ ಮುಗಿದು ಅವರೇ ಹೋದರು.

ಹಾಸ್ಟೆಲ್ ದೊಡ್ಡದಿದ್ದರೆ ಬಯೋಗ್ಯಾಸ್ ಯೋಚಿಸಬಹುದು. ಅಂದಾಜಿಗೆ ಹತ್ತು ಕೆ.ಜಿ. ಊಟದ ಕಸಕ್ಕೆ ಒಂದು ಘನ ಮೀಟರ್ ಅನಿಲ ಬರುತ್ತದೆ. ಅದು ಅರ್ಧ ಕೆ.ಜಿ.ಗೆ ತುಸು ಕಡಿಮೆ ಅಡುಗೆ ಗ್ಯಾಸಿಗೆ ಸಮ. ಆದರೆ ಅದರ ಹೊಟ್ಟೆಗೆ ದಿನಾ ಊಟ ಬೇಕು. ಬೇಸಿಗೆ ರಜೆಯಲ್ಲಿ ಮೆಸ್ಸು ಮುಚ್ಚಿದರೆ ಸ್ವಲ್ಪ ಸ್ವಲ್ಪ ಸಗಣಿಯಾದರೂ ಹಾಕಬೇಕು. ಶುರುವಾದ ದಿನವೇ ಪೂರ್ತಿ ತುಂಬಿದರೆ ಒಳಗೆ ಹುಳಿ ಹಿಡಿದು ಅನಿಲ ನಿಲ್ಲುತ್ತದೆ. ಎಲೆ ರಾಶಿಗೆ ಈ ತಾಪತ್ರಯ ಇಲ್ಲ, ಎರಡು ತಿಂಗಳು ಬಿಟ್ಟರೂ ಸುಮ್ನೆ ಕೂತಿರುತ್ತದೆ.

ನ್ಯಾಕ್ ಎಂದಿರಿ, ಅದಕ್ಕೊಂದು ಮಾತು. ಆ ತಂಡ ಬರುವ ತಿಂಗಳಲ್ಲಿ ಹುಟ್ಟಿ, ಹೋದ ತಿಂಗಳಲ್ಲಿ ಸಾಯುವ ಎರೆಹುಳು ತೊಟ್ಟಿಗಳನ್ನು ನಾನು ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದ ಕಾಲದಲ್ಲಿ ಕಂಡಿದ್ದೇನೆ. ಒಂದು ಕಡೆಯಂತೂ ಬೋರ್ಡಿನ ಬಣ್ಣ ಇನ್ನೂ ಹಸಿ ಇತ್ತು, ಒಳಗೆ ಇರುವೆ ಮಾತ್ರ ಇದ್ದವು.

ಪ್ರತಿ ಮಹಡಿಗೂ ಹಸಿರು, ನೀಲಿ, ಕೆಂಪು ಡಬ್ಬ ಇಟ್ಟೆವು. ಎಲ್ಲದರಲ್ಲೂ ಎಲ್ಲವೂ ಇರುತ್ತದೆ. ಬೇಜಾರಾಗಿದೆ.
— ಎನ್.ಎಸ್.ಎಸ್. ಸ್ವಯಂಸೇವಕಿ, ಧಾರವಾಡ

ಕ್ಲಾಸ್‌ರೂಮಿನ ಡಬ್ಬ ಎಲ್ಲ ತೆಗೆದುಬಿಡಿ. ಅಲ್ಲಿ ಊಟ ಮಾಡುವವರಿಲ್ಲ, ಹಸಿ ಕಸದ ಡಬ್ಬ ಯಾಕೆ? ಹಸಿ, ಒಣ ಕಸದ ಡಬ್ಬ ಜೋಡಿಯಾಗಿ ಕ್ಯಾಂಟೀನ್ ಹತ್ತಿರ, ನೀರು ಕುಡಿಯುವಲ್ಲಿ, ಮೆಟ್ಟಿಲ ಬುಡದಲ್ಲಿ ಇರಲಿ. ಒಂಟಿ ಡಬ್ಬ ಎಲ್ಲೂ ಬೇಡ. ಒಣ ಕಸದ ಮುಚ್ಚಳಕ್ಕೆ ಬಾಟಲಿ ಹೋಗುವಷ್ಟೇ ತೂತು ಮಾಡಿಸಿ.

ಕ್ಯಾಂಟೀನಿನ ಪೇಪರ್ ಲೋಟ ಬರೀ ಕಾಗದ ಅಲ್ಲ, ಒಳಗೆ ತೆಳ್ಳನೆ ಪ್ಲಾಸ್ಟಿಕ್ ಪದರ ಇರುತ್ತದೆ. ಗೊಬ್ಬರಕ್ಕೂ ಬರುವುದಿಲ್ಲ, ಗುಜರಿಯವರೂ ಮುಟ್ಟುವುದಿಲ್ಲ. ಸ್ಟೀಲ್ ಲೋಟ, ಒಂದು ತೊಳೆಯುವ ತೊಟ್ಟಿ. ಇಷ್ಟಾದರೆ ನಿಮ್ಮ ಕಸದ ಗಾತ್ರ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚೆಯಂತೂ 2016ರಿಂದ ರಾಜ್ಯದಲ್ಲಿ, 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಚಿಪ್ಸ್ ಕವರನ್ನು ಕೊಳ್ಳುವವರು ಇಲ್ಲ. ಒಣಗಿಸಿ ಬೇರೆ ಚೀಲದಲ್ಲಿ ಕೊಡಿ, ಅಂಥದ್ದು ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋಗುತ್ತದೆ.

ನಮ್ಮಮ್ಮ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಕಸ ತೆಗೆಯುತ್ತಾರೆ. ಕಸ ಬೇರೆ ಮಾಡಿ ಅಂತ ಮೇಲಿನವರು ಹೇಳಿದ ಮೇಲೆ ಅಮ್ಮನ ಕೆಲಸ ದುಪ್ಪಟ್ಟಾಗಿದೆ. ಎಲ್ಲ ಒಟ್ಟಿಗೆ ಹಾಕ್ತಾರೆ, ಪ್ಯಾಡು, ಬ್ಲೇಡು ಎಲ್ಲ. ಅಮ್ಮ ಬರಿಗೈಯಲ್ಲಿ ಆರಿಸುತ್ತಾರೆ. ಏನು ಮಾಡಬಹುದು?
— ಊರು, ಹೆಸರು ಬೇಡ ಎಂದವರು

ನಿಮ್ಮ ಪತ್ರ ಓದಿದ ಮೇಲೆ ಮಿಕ್ಕವರ ಪ್ರಶ್ನೆಗಳು ನನಗೆ ಸಣ್ಣದೆನಿಸಿದವು. ಕಸ ಬೇರೆ ಮಾಡುವುದು ಎಸೆಯುವವರ ಕೆಲಸ. ನಿಯಮವೂ ಅದನ್ನೇ ಹೇಳುತ್ತದೆ: ಕಸ ಹುಟ್ಟಿದ ಜಾಗದಲ್ಲೇ ಬೇರೆಯಾಗಬೇಕು, ಪ್ಯಾಡು, ಡೈಪರುಗಳನ್ನು ಸುತ್ತಿಯೇ ಕೊಡಬೇಕು.

ಅಮ್ಮ ಒಬ್ಬರೇ ಹೋಗಿ ಕೇಳುವುದು ಬೇಡ. ಕೆಲಸ ಕಳೆದುಕೊಳ್ಳುವ ಭಯ ಇರುತ್ತದೆ, ಗೊತ್ತು. ಹಾಸ್ಟೆಲ್‌ನ ಹುಡುಗಿಯರೇ ಸಹಿ ಮಾಡಿ ಪತ್ರ ಕೊಡಲಿ. ಪ್ರತಿ ಬಚ್ಚಲುಮನೆಯಲ್ಲಿ ಹಳೇ ಪೇಪರಿನ ಕಟ್ಟು ನೇತುಹಾಕಿ. ಪ್ಯಾಡನ್ನು ಅದರಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಅದಕ್ಕೇ ಇಟ್ಟ ಮುಚ್ಚಳದ ಡಬ್ಬಕ್ಕೆ ಹಾಕಬೇಕು. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಇದು ರೂಢಿಯಾಗಿದೆ. ಬ್ಲೇಡು, ಸೂಜಿಗೆ ಒಂದು ಗಟ್ಟಿ ತಗಡಿನ ಡಬ್ಬಿ. ಬೆರೆತ ಚೀಲ ಬಂದರೆ ಅದನ್ನು ತೆಗೆಯದೆ ರೂಮಿನ ಬಾಗಿಲಲ್ಲೇ ಬಿಡುವ ಅಧಿಕಾರ ನಿಮ್ಮಮ್ಮನಿಗೆ ಇರಬೇಕು. ಇದನ್ನು ವಾರ್ಡನ್ ಬರೆದು ಅಂಟಿಸಬೇಕು. ಎರಡು ದಿನ ಗಲಾಟೆ ಆಗುತ್ತದೆ, ಆಗಲಿ. ದಪ್ಪ ರಬ್ಬರ್ ಗ್ಲೌಸು, ಬೂಟು, ಧನುರ್ವಾಯು ಚುಚ್ಚುಮದ್ದು ಇವನ್ನು ಕೇಳಿ ಪಡೆಯಿರಿ, ಅವು ದಾನವಲ್ಲ.

ಇನ್ನು ರದ್ದಿ, ಬಾಟಲಿ ಮಾರಿದ ದುಡ್ಡು. ಅದು ಕಸ ತೆಗೆಯುವವರಿಗೆ ಸೇರಬೇಕು ಎನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಇಕೋ ಕ್ಲಬ್‌ನವರು ಆ ದುಡ್ಡಲ್ಲಿ ಟೀ ಶರ್ಟ್ ಹೊಲಿಸಿಕೊಂಡದ್ದನ್ನು ನೋಡಿದ್ದೇನೆ!

ನಮ್ಮ ಕಾಲದಲ್ಲಿ ಗುಂಡಿಗೆ ಹಾಕಿ ಮೇಲೆ ಮಣ್ಣು ಮೆತ್ತಿ ಬಿಡುತ್ತಿದ್ದೆವು. ಮಗುಚುವ ಕೆಲಸವೇ ಇರಲಿಲ್ಲ. ಈಗ ಯಾಕೆ ಇಷ್ಟೊಂದು ರಗಳೆ?
— ನಿವೃತ್ತ ಕೃಷಿ ಸಹಾಯಕರು, ಚನ್ನರಾಯಪಟ್ಟಣ

ನೀವು ಮಾಡುತ್ತಿದ್ದದ್ದೇ ಬೆಂಗಳೂರು ಪದ್ಧತಿ. ಅದು ಹುಟ್ಟಿದ್ದೂ ಒಂದು ಕ್ಯಾಂಪಸ್‌ನಲ್ಲೇ. 1939ರ ಸುಮಾರಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ಎನ್. ಆಚಾರ್ಯ ಅದನ್ನು ರೂಪಿಸಿದರು. ಕಸ, ಸಗಣಿ ಪದರ ಪದರವಾಗಿ ಹಾಕಿ, ಕಾವು ಬಂದು ತಗ್ಗಿದ ಮೇಲೆ ಮಣ್ಣಿನಿಂದ ಮುಚ್ಚಿದರೆ ಆರರಿಂದ ಎಂಟು ತಿಂಗಳಿಗೆ ಗೊಬ್ಬರ. ಅದಕ್ಕಿಂತ ಮುಂಚೆ ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ ಇಂದೋರಿನಲ್ಲಿ ಮಾಡಿದ್ದು ಮಗುಚುವ ಪದ್ಧತಿ, ಅದರಲ್ಲಿ ಮೂರು ನಾಲ್ಕು ತಿಂಗಳು ಸಾಕು. ಜಾಗ ಧಾರಾಳ ಇದ್ದು ಎಲೆಯೇ ಜಾಸ್ತಿ ಇರುವ ಕ್ಯಾಂಪಸ್‌ಗೆ ನಿಮ್ಮ ಪದ್ಧತಿ ಚೆನ್ನಾಗಿ ಹೊಂದುತ್ತದೆ. ದಿನಾ ಬರುವ ಮೆಸ್ಸಿನ ಅನ್ನಕ್ಕೆ ಬೇಡ. ಮಲೆನಾಡು, ಕರಾವಳಿಯ ಮಳೆಯಲ್ಲಂತೂ ಗುಂಡಿ ಬಾವಿಯಾಗುತ್ತದೆ.

ಹಳೇ ಉತ್ತರ ಪತ್ರಿಕೆ, ಲ್ಯಾಬಿನ ಕಸ ಗುಜರಿಗೆ ಹಾಕಬಹುದೇ?
— ಪ್ರಯೋಗಾಲಯ ಸಹಾಯಕ, ಹಾವೇರಿ

ಉತ್ತರ ಪತ್ರಿಕೆಯಲ್ಲಿ ಮಕ್ಕಳ ಹೆಸರು, ನಂಬರು ಇರುತ್ತದೆ. ಇಟ್ಟುಕೊಳ್ಳಬೇಕಾದ ಅವಧಿ ಮುಗಿದ ಮೇಲೆ ಚೂರು ಮಾಡಿಸಿಯೇ ಕೊಡಿ, ಇಲ್ಲವಾದರೆ ನಾಳೆ ಕಡಲೆಕಾಯಿ ಪೊಟ್ಟಣವಾಗಿ ಸಿಗುತ್ತವೆ. ರಾಸಾಯನಿಕ, ಒಡೆದ ಥರ್ಮಾಮೀಟರ್, ಟ್ಯೂಬ್‌ಲೈಟ್ ಗುಜರಿಗೆ ಬೇಡವೇ ಬೇಡ. ಟ್ಯೂಬ್‌ಲೈಟಿನಲ್ಲೂ ಪಾದರಸ ಇದೆ. ಕೆಟ್ಟ ಕಂಪ್ಯೂಟರನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಟ್ಟು ರಸೀದಿ ಪಡೆಯಿರಿ.

ನಮ್ಮಲ್ಲಿ ಇರುವುದೆಲ್ಲ ಅಕೇಶಿಯಾ, ನೀಲಗಿರಿ. ಈ ಎಲೆ ಗೊಬ್ಬರ ಆಗುತ್ತದಾ?
— ಪದವಿ ವಿದ್ಯಾರ್ಥಿ, ಸಾಗರ

ಆಗುತ್ತದೆ, ಆದರೆ ನಿಧಾನ. ಅಕೇಶಿಯಾ ಎಲೆ ದಪ್ಪ, ನೀಲಗಿರಿಯಲ್ಲಿ ಎಣ್ಣೆ. ಪುಡಿ ಮಾಡಿ, ಒಂದು ರಾತ್ರಿ ನೆನೆಸಿ, ಅರ್ಧ ಪಾಲು ಬೇರೆ ದರಗಿನ ಜೊತೆ ಬೆರೆಸಿ, ಸಗಣಿ ಬಗ್ಗಡ ಚಿಮುಕಿಸಿ. ಆದ ಮೇಲೆ ಒಂದು ಕುಂಡದಲ್ಲಿ ಹೆಸರುಕಾಳು ಬಿತ್ತಿ ನೋಡಿ. ಬರೀ ಮಣ್ಣಿನ ಕುಂಡದಷ್ಟೇ ಚೆನ್ನಾಗಿ ಮೊಳೆತರೆ ಗಿಡಗಳಿಗೆ ಹಾಕಬಹುದು. ಮೊಳೆಯದಿದ್ದರೆ ಇನ್ನೊಂದು ತಿಂಗಳು ಮಾಗಲು ಬಿಡಿ.