ಕುಫ್ರಿಯಲ್ಲಿ ಹಿಮ ಸಿಗದಿರುವ ಬಗ್ಗೆ: ಪ್ರತಿಕ್ರಿಯೆ

ಡಿಸೆಂಬರಿನಲ್ಲಿ ಉಡುಪಿಯಿಂದ ಶಿಮ್ಲಾ ಸಮೀಪದ ಕುಫ್ರಿಯವರೆಗೆ ಹೋಗಿಯೂ ಹಿಮವಿಲ್ಲದೆ ಸ್ಕೀಯಿಂಗ್ (ಹಿಮಜಾರಾಟ) ಮಾಡಲಾಗದೆ ನೀವು ಮರಳಿದ್ದಕ್ಕೆ ಬಹುಶಃ ನೀವು ಆರಿಸಿಕೊಂಡ ತಿಂಗಳೇ ಕಾರಣ. ಶಿಮ್ಲಾ ಸುತ್ತಮುತ್ತ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಚಳಿಗಾಲದ ವಾಯುಭಾರ ಕುಸಿತಗಳು. ಅವು ಜನವರಿ, ಫೆಬ್ರವರಿಯಲ್ಲಿ ಬಲಗೊಳ್ಳುತ್ತವೆಯಾದರೂ ನಮ್ಮ ಮುಂಗಾರಿನಷ್ಟೂ ನಂಬಿಕೆಗೆ ಅರ್ಹವಲ್ಲ.

ಆದ್ದರಿಂದ ಮುಂದಿನ ಸಲ ಪ್ರಯಾಣವನ್ನು ಜನವರಿಯ ಕೊನೆಗೆ ಇಟ್ಟುಕೊಳ್ಳಿ. ದೆಹಲಿಗೆ ಹೋಗುವ ಮಂಗಳಾ ಎಕ್ಸ್‌ಪ್ರೆಸ್ ರೈಲಿನ ಟಿಕೆಟ್ ಮುಂಚಿತವಾಗಿಯೇ ಮಾಡಿಸಬೇಕಾಗುವುದರಿಂದ ಹವಾಮಾನ ನೋಡಿ ಹೊರಡುವುದು ನಮ್ಮೂರಿನವರಿಗೆ ಸಾಧ್ಯವಿಲ್ಲ. ಬದಲಿಗೆ, ರದ್ದುಪಡಿಸಬಹುದಾದ ಕೊಠಡಿಯನ್ನು ಶಿಮ್ಲಾದಲ್ಲೇ ಹಿಡಿದು, ಅಲ್ಲಿಂದ ಮುಂದಿನದನ್ನು ನಿರ್ಧರಿಸಿ. ಸುಮಾರು 16 ಕಿ.ಮೀ. ದೂರದ ಕುಫ್ರಿ ಬರಿದಾಗಿದ್ದರೆ, 60 ಕಿ.ಮೀ.ಗೂ ಹೆಚ್ಚು ದೂರವಿರುವ ಇನ್ನೊಂದು ಸ್ಕೀಯಿಂಗ್ ತಾಣ ನಾರ್ಕಂಡಕ್ಕೆ ಹೋಗಿ. ಅಲ್ಲಿಯೂ ಹಿಮ ಇದ್ದೇ ಇರುತ್ತದೆಂದು ಖಾತ್ರಿ ಕೊಡಲಾಗದು. ಹೊರಡುವ ಮುನ್ನ ಅಲ್ಲಿನ ವಸತಿಗೃಹವೊಂದಕ್ಕೆ ಕರೆಮಾಡಿ ಕೇಳುವುದೇ ಸರಿ.

ಬಾಡಿಗೆಯ ಸ್ಕೀ ಬೂಟಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ನೆಟ್ಟಗೆ ನಿಂತಾಗ ಕಾಲ್ಬೆರಳ ತುದಿ ಬೂಟಿನ ಮುಂಭಾಗಕ್ಕೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ತುಸು ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಎರಡು ಜೊತೆ ಕಾಲುಚೀಲ ಹಾಕಿಕೊಂಡರೆ ಬೂಟು ಸಡಿಲವೋ ಬಿಗಿಯೋ ತಿಳಿಯುವುದೇ ಇಲ್ಲ. ತೆಳುವಾದ ಉಣ್ಣೆಯ ಒಂದೇ ಜೊತೆ ಸಾಕು. ಒದ್ದೆಯಾದರೆ ಒಣಗದ ಜೀನ್ಸನ್ನು ಮನೆಯಲ್ಲೇ ಬಿಡಿ.