ಆಟಿಕೆ ಪೆಟ್ಟಿಗೆಯ ಮುಚ್ಚಳಕ್ಕೆ ಯಾವ ಬಿಜಾಗರಿ? ಯಾವುದೂ ಬೇಡ

ಎರಡೂವರೆ ವರ್ಷದ ಮಗನಿಗೆ ಮನೆಯಲ್ಲೇ ತೇಗದ ಆಟಿಕೆ ಪೆಟ್ಟಿಗೆ ಮಾಡುತ್ತಿದ್ದೇನೆ, ಮುಚ್ಚಳದ ತೂಕ ಇಷ್ಟು, ಅದು ದಡಾರನೆ ಬೀಳದಂತೆ ಯಾವ ಬಿಜಾಗರಿ ಅಥವಾ ಹೈಡ್ರಾಲಿಕ್ ಪಂಪ್ (ಮುಚ್ಚಳವನ್ನು ಎತ್ತಿ ಹಿಡಿಯುವ, ಅನಿಲ ತುಂಬಿದ ಕೊಳವೆ) ಹಾಕಲಿ, ಯಾವ ಪಾಲಿಶ್ ಬಳಿಯಲಿ ಎಂದು ಕೇಳಿದ್ದೀರಿ. ಐದು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ನಾನು ಹಾಸನದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು ಕೇಳಿದ್ದೆ, ಸಿಕ್ಕ ಉತ್ತರಕ್ಕೆ ಹಣ ಕೊಟ್ಟು ಪೊಟ್ಟಣ ಕಟ್ಟಿಸಿಕೊಂಡು ಮನೆಗೂ ತಂದಿದ್ದೆ.

ನನ್ನದೂ ತೇಗವೇ. ಸಕಲೇಶಪುರದ ಕಡೆಯ ನಮ್ಮ ಅಜ್ಜಿಯ ಮನೆಯನ್ನು ಕೆಡವಿದಾಗ ನಡುಮನೆಯ ಬಾಗಿಲಿನ ಹಲಗೆಗಳು ನನ್ನ ಪಾಲಿಗೆ ಬಂದಿದ್ದವು. ಅಜ್ಜಿಯ ಬಾಗಿಲು ಮರಿಮಗಳ ಆಟಿಕೆ ಪೆಟ್ಟಿಗೆಯಾಗುತ್ತದೆ ಎಂಬ ಆಲೋಚನೆಯೇ ಎಷ್ಟು ಹಿತವಾಗಿತ್ತೆಂದರೆ, ಆ ಹಲಗೆ ಮಗುವಿನ ಪೆಟ್ಟಿಗೆಗೆ ತೀರಾ ಭಾರವಾಗುತ್ತದೆಯೇ ಎಂದು ಕೇಳಿಕೊಳ್ಳಲು ಮನಸ್ಸೇ ಬರಲಿಲ್ಲ. ಮುಚ್ಚಳ 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 25 ಮಿ.ಮೀ. ದಪ್ಪವಾಯಿತು. ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಇಟ್ಟು ನೋಡಿದರೆ ಆರೂವರೆ ಕೆ.ಜಿ. ಅಂಗಡಿಯವರಿಗೆ ಆ ತೂಕವನ್ನಷ್ಟೇ ಹೇಳಿದೆ. ಅಡುಗೆಮನೆಯ ಮೇಲಿನ ಕಪಾಟುಗಳಿಗೆ ಹಾಕುವ 80 ನ್ಯೂಟನ್‌ನ ಒಂದು ಪಂಪ್ ಕೊಟ್ಟರು. 80 ನ್ಯೂಟನ್ ಎಂದರೆ ಹೆಚ್ಚುಕಡಿಮೆ ಎಂಟು ಕೆ.ಜಿ. ಭಾರಕ್ಕೆ ಸಮ. ಆರೂವರೆಗೆ ಎಂಟು, ಒಂದೂವರೆ ಉಳಿತಾಯ ಎಂದು ಲೆಕ್ಕ ಹಾಕಿದ್ದು ಅಂಗಡಿಯವರಲ್ಲ, ನಾನು.

ಈ ತಪ್ಪನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಮುಚ್ಚಳದ ತೂಕ ಮಾತ್ರ ಇದೆ. ಬಾಗಿಲನ್ನು ಚಿಲಕದ ಬಳಿ ಒಂದೇ ಬೆರಳಿನಿಂದ ತಳ್ಳಬಹುದು, ಬಿಜಾಗರಿಯ ಪಕ್ಕದಲ್ಲಿ ತಳ್ಳಬೇಕಾದರೆ ಭುಜ ಕೊಡಬೇಕು. ಬಲ ಎಷ್ಟು ಎಂಬುದರಷ್ಟೇ, ಅದು ಬಿಜಾಗರಿಯಿಂದ ಎಷ್ಟು ದೂರದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮುಚ್ಚಳದ ಭಾರವೆಲ್ಲ ಅದರ ಅಗಲದ ನಡುವಿನಲ್ಲಿ, ಅಂದರೆ ಬಿಜಾಗರಿಯಿಂದ 22.5 ಸೆಂ.ಮೀ. ದೂರದಲ್ಲಿ ಕೂತಂತೆ. ಆರೂವರೆಯನ್ನು ಅದರಿಂದ ಗುಣಿಸಿದರೆ ಸುಮಾರು 146. ಪಂಪನ್ನಾದರೋ ನಾನು ಬಿಜಾಗರಿಯಿಂದ 10 ಸೆಂ.ಮೀ. ದೂರದಲ್ಲಿ ಓರೆಯಾಗಿ ಕೂರಿಸಿದ್ದೆ, ಓರೆಯಾದ್ದರಿಂದ ಅದರ ಬಲಕ್ಕೆ ಲೆಕ್ಕಕ್ಕೆ ಸಿಗುವ ದೂರ ಹೆಚ್ಚೆಂದರೆ 8 ಸೆಂ.ಮೀ. ಪಂಪಿನ ಎಂಟು ಕೆ.ಜಿ.ಯನ್ನು ಆ ಎಂಟರಿಂದ ಗುಣಿಸಿದರೆ 64. ಕೆಳಗೆ ಎಳೆಯುವುದು 146, ಮೇಲೆ ಒತ್ತುವುದು 64, ಅರ್ಧವೂ ಇಲ್ಲ.

ಹಾಗಾದರೆ ಹಾಕಿದ ದಿನವೇ ಅದು ಏಕೆ ಬೀಳಲಿಲ್ಲ? ಮುಚ್ಚಳ ನೆಟ್ಟಗೆ ನಿಂತಾಗ ಅದರ ಭಾರ ಬಿಜಾಗರಿಯ ಮೇಲೆಯೇ ಇಳಿಯುತ್ತದೆ, ಬೀಳಿಸುವ ಬಲ ತೀರಾ ಕಡಿಮೆ. ನನ್ನ ಲೆಕ್ಕದಲ್ಲಿ ಸುಮಾರು 65 ಡಿಗ್ರಿಗಿಂತ ಮೇಲಿದ್ದಷ್ಟು ಹೊತ್ತು ಆ ಬಡಪಾಯಿ ಪಂಪ್ ಅದನ್ನು ಹಿಡಿದುಕೊಳ್ಳಬಲ್ಲದು, ಅದಕ್ಕಿಂತ ಕೆಳಗೆ ಬಂದರೆ ಕೈಬಿಡುತ್ತದೆ. ನಾನು ಮುಚ್ಚಳವನ್ನು ಪೂರ್ತಿ ತೆರೆದು, ಕೈಬಿಟ್ಟು, ‘ನೋಡು, ಹೇಗೆ ನಿಂತಿದೆ’ ಎಂದು ಹೆಂಡತಿಗೆ ತೋರಿಸಿದೆ. ಮನೆಗೆ ಬಂದ ನೆಂಟರಿಗೂ ತೋರಿಸಿದೆ. ಪ್ರತಿ ಬಾರಿಯೂ ಪೂರ್ತಿ ತೆರೆದೇ ತೋರಿಸಿದೆ.

ಮೂರು ವರ್ಷದ ಮಗು ಮುಚ್ಚಳವನ್ನು ಪೂರ್ತಿ ತೆರೆಯುವುದಿಲ್ಲ. ಬೇಕಾದ ಗೊಂಬೆ ಕಾಣುವಷ್ಟು ಎತ್ತಿ, ಒಂದು ಕೈಯಿಂದ ಅಂಚನ್ನು ಹಿಡಿದು, ಇನ್ನೊಂದು ಕೈ ಒಳಗೆ ಹಾಕುತ್ತದೆ. ಹನ್ನೆರಡನೆಯ ದಿನ, ಸಂಜೆ, ಸದ್ದು ಕೇಳಿ ನಾನು ಅಡುಗೆಮನೆಯಿಂದ ಓಡಿ ಬರುವಾಗ ಮಗಳು ಇನ್ನೂ ಅಳಲು ಶುರು ಮಾಡಿರಲಿಲ್ಲ, ಬಾಯಿ ಮಾತ್ರ ತೆರೆದಿತ್ತು. ಎಡಗೈಯ ಎರಡು ಬೆರಳುಗಳು ಒಳಗಿದ್ದವು. ಬಟ್ಟೆಯ ಆನೆಯ ಸೊಂಡಿಲು ಅಂಚಿನ ಮೇಲೆ ಇಳಿಬಿದ್ದು ಬೆರಳುಗಳ ಪಕ್ಕದಲ್ಲಿ ಸಿಕ್ಕಿಕೊಂಡಿತ್ತು, ಪೆಟ್ಟಿನ ಒಂದು ಪಾಲನ್ನು ಅದು ತೆಗೆದುಕೊಂಡಿತು. ನಡುಬೆರಳಿನ ತುದಿಯ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು, ಉಗುರು ಕಪ್ಪಾಗಿ ಕೆಲವು ವಾರಗಳಲ್ಲಿ ಉದುರಿತು, ಮತ್ತೆ ಬಂತು. ಅವಳು ಬಗ್ಗಿರಲಿಲ್ಲ, ನಿಂತಿದ್ದಳು. ಬಗ್ಗಿದ್ದರೆ ಆ ಅಂಚು ಎಲ್ಲಿಗೆ ಬೀಳುತ್ತಿತ್ತು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಮರುದಿನ ನಮ್ಮ ಬೀದಿಯ ಬಡಗಿ ಆಚಾರ್ರನ್ನು ಕರೆದು ತೋರಿಸಿದೆ. ಅವರು ಅಳತೆ ಟೇಪನ್ನೂ ತೆಗೆಯದೆ ಕೇಳಿದ್ದು ಒಂದೇ ಮಾತು: ‘ಅರ್ಧಕ್ಕೆ ನಿಲ್ಲಿಸಿ ನೋಡಿದ್ರಾ ಸರ್?’

ಆಮೇಲೆ ಓದಿ ತಿಳಿದದ್ದು, ಆಟಿಕೆಗಳ ಸುರಕ್ಷತಾ ಮಾನಕವೂ ಇದನ್ನೇ ಕೇಳುತ್ತದೆ. ನಮ್ಮ ದೇಶದ ಮಾನಕ ಐಎಸ್ 9873ಕ್ಕೆ ಆಧಾರವಾಗಿರುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 8124ರ ಪ್ರಕಾರ, ಮೇಲಕ್ಕೆ ತೆರೆಯುವ ಮುಚ್ಚಳವನ್ನು ಪೂರ್ತಿ ಮುಚ್ಚುವ ಮುಂಚಿನ ಕೊನೆಯ 50 ಮಿ.ಮೀ. ಬಿಟ್ಟು 60 ಡಿಗ್ರಿಯವರೆಗೆ ಎಲ್ಲಿ ಕೈಬಿಟ್ಟರೂ ಅದು 12 ಮಿ.ಮೀ.ಗಿಂತ ಹೆಚ್ಚು ಕುಸಿಯಬಾರದು, 7,000 ಬಾರಿ ತೆರೆದು ಮುಚ್ಚಿದ ಮೇಲೂ ಕುಸಿಯಬಾರದು. ನಾನು ಪರೀಕ್ಷಿಸಿದ್ದು ಆ ವ್ಯಾಪ್ತಿಯ ಹೊರಗಿನ ಒಂದೇ ಒಂದು ಸ್ಥಾನದಲ್ಲಿ. 100 ನ್ಯೂಟನ್‌ನ ಎರಡು ಪಂಪ್ ಹಾಕಿದ್ದರೆ ಲೆಕ್ಕವೇನೋ ಸರಿಹೋಗುತ್ತಿತ್ತು. ಆದರೆ ಪಂಪಿನೊಳಗಿನ ಅನಿಲ ಕಾಲಕ್ರಮದಲ್ಲಿ ಸೋರಿ ಬಲ ಕಡಿಮೆಯಾಗುತ್ತದೆ, ಅದು ಯಾವ ದಿನ ಸಾಲದಾಗುತ್ತದೆ ಎಂಬುದನ್ನು ಮೊದಲು ಕಂಡುಹಿಡಿಯುವುದು ಮಗುವಿನ ಕೈ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆಟಿಕೆ ಪೆಟ್ಟಿಗೆಗೆ ಮುಚ್ಚಳ ಏಕೆ? ಧೂಳಿಗೆ ಎನ್ನುತ್ತೀರಿ, ಆದರೆ ದಿನಕ್ಕೆ ನಾಲ್ಕು ಬಾರಿ ನೆಲಕ್ಕೆ ಸುರಿಯುವ ಆಟಿಕೆಗೆ ಎಲ್ಲಿಯ ಧೂಳು! ನಿಜ ಹೇಳಬೇಕೆಂದರೆ ಮುಚ್ಚಳ ಬೇಕಾಗಿರುವುದು ನಮ್ಮ ಕಣ್ಣಿಗೆ, ಒಳಗಿನ ರಾಶಿ ನೆಂಟರಿಗೆ ಕಾಣದಿರಲಿ ಎಂದು. ನಿಲ್ಲಿಸಿದಲ್ಲೇ ನಿಲ್ಲುವ ಬಿಜಾಗರಿಗಳೂ ಮಾರುಕಟ್ಟೆಯಲ್ಲಿವೆ, ಹಟ ಹಿಡಿದರೆ ಅವನ್ನೇ ಹಾಕಿ. ಜೊತೆಗೆ ಮಗು ಒಳಗೆ ಅಡಗಿ ಕೂತರೂ ಉಸಿರಾಡುವಂತೆ 30 ಮಿ.ಮೀ. ವ್ಯಾಸದ ಕನಿಷ್ಠ ಎರಡು ತೂತುಗಳನ್ನು ಒಂದು ಗೇಣಿಗೆ ಕಡಿಮೆಯಿಲ್ಲದ ಅಂತರದಲ್ಲಿ, ಪೆಟ್ಟಿಗೆ ಗೋಡೆಗೆ ಒತ್ತಿದರೂ ಮುಚ್ಚಿಹೋಗದಂತೆ ಕೊರೆಯಿರಿ. ಚಿಲಕವಂತೂ ಬೇಡವೇ ಬೇಡ.

ನಾನು ಎರಡನೆಯ ಬಾರಿ ಮಾಡಿದ ಪೆಟ್ಟಿಗೆಗೆ ಮುಚ್ಚಳವಿಲ್ಲ. 60 ಸೆಂ.ಮೀ. ಉದ್ದ, 35 ಅಗಲ, 30 ಎತ್ತರ. ಮುಂದಿನ ಹಲಗೆಯನ್ನು ನಡುವಿನಲ್ಲಿ 20 ಸೆಂ.ಮೀ.ಗೆ ತಗ್ಗಿಸಿದ್ದೇನೆ, ಮಗು ಹೊಟ್ಟೆಯ ಮೇಲೆ ತೂಗಿ ತಲೆಕೆಳಗಾಗಿ ಒಳಗೆ ಬೀಳುವ ಪ್ರಮೇಯವಿಲ್ಲ. ಮರ ಸಿಲ್ವರ್ ಓಕ್, ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವುದರಿಂದ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ತೇಗದ ಬೆಲೆಯೂ ಇಲ್ಲ. ಪ್ಲೈವುಡ್ ಆದರೂ ಆಗಬಹುದು, ಅಂಚಿಗೆ ಮರದ ಬೀಡಿಂಗ್ (ತೆಳು ಪಟ್ಟಿ) ಹೊಡೆಯಲೇಬೇಕು, ಇಲ್ಲದಿದ್ದರೆ ಪದರ ಎದ್ದು ಸಿಬಿರು ಚುಚ್ಚುತ್ತದೆ. ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ, ಮಗು ಒಮ್ಮೆ ನೀರು ಚೆಲ್ಲಿದರೆ ಅದು ಉಬ್ಬುತ್ತದೆ. ಮೂಲೆಗಳ ಮೇಲೆ ಒಂದು ರೂಪಾಯಿ ನಾಣ್ಯವಿಟ್ಟು ಗೀಟು ಹಾಕಿ ಅಷ್ಟು ದುಂಡಗೆ ಮಾಡಿದೆ. ಉಪ್ಪುಕಾಗದದಲ್ಲಿ ಉಜ್ಜಿದ ಮೇಲೆ ಹಳೆಯ ನೈಲಾನ್ ಸೀರೆಯ ತುಂಡನ್ನು ಅಂಚುಗಳ ಮೇಲೆಲ್ಲ ಎಳೆದೆ, ಎಳೆ ಸಿಕ್ಕಿಕೊಂಡ ಕಡೆ ಮತ್ತೆ ಉಜ್ಜಿದೆ. ಅಂಗೈಗೆ ತಿಳಿಯದ ಸಿಬಿರು ಸೀರೆಗೆ ತಿಳಿಯುತ್ತದೆ.

ಪಾಲಿಶ್ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಚನ್ನಪಟ್ಟಣದ ಗೊಂಬೆಗಳಿಗೆ ಹಾಕುವುದು ಅರಗು, ಅದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದರೆ ಫ್ರೆಂಚ್ ಪಾಲಿಶ್. ನೀರು ನಿಂತರೆ ಬಿಳಿ ಕಲೆ ಬೀಳುತ್ತದೆ, ಬೀಳಲಿ. ಆದರೆ ನಿಮ್ಮ ತೇಗವೂ ಹಳೆಯ ಬಾಗಿಲಿನದ್ದಾಗಿದ್ದು ಅದರ ಮೇಲೆ ಎನಾಮೆಲ್ ಬಣ್ಣವಿದ್ದರೆ ಒಣಗಿದ್ದಂತೆಯೇ ಉಜ್ಜಲು ಹೋಗಬೇಡಿ. ಗೃಹಬಳಕೆಯ ಬಣ್ಣದಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ, ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಎಷ್ಟಿದೆಯೋ ಯಾರೂ ಹೇಳಲಾರರು. ನಾನು ಅಜ್ಜಿಯ ಬಾಗಿಲಿನ ಹಸಿರು ಬಣ್ಣವನ್ನು ಮಗು ಅಂಬೆಗಾಲಿಟ್ಟು ಓಡಾಡಿದ್ದ ಪಡಸಾಲೆಯಲ್ಲೇ ಕೂತು ಉಜ್ಜಿದ್ದೆ. ಅಂಥ ಹಲಗೆಯನ್ನು ಮಗುವಿನ ಕೆಲಸಕ್ಕೆ ಬಳಸದಿರುವುದೇ ಮೇಲು.

ಮುಚ್ಚಳಕ್ಕೆಂದು ಈಗಾಗಲೇ ಹೊಸ ಮರ ಕೊಯ್ಯಿಸಿದ್ದರೆ ಅದನ್ನು ಎಸೆಯಬೇಡಿ. ಒಂದು ಗೇಣು ಎತ್ತರದ ನಾಲ್ಕು ಕಾಲು ಕೊಟ್ಟರೆ ನೆಲದಲ್ಲಿ ಕೂತು ಬರೆಯುವ ಮೇಜಾಗುತ್ತದೆ, ನನ್ನ ಮುಚ್ಚಳದಂತೆ 90ಕ್ಕೆ 45 ಸೆಂ.ಮೀ. ಇದ್ದರೆ ಅದಕ್ಕೆ ಹೇಳಿಮಾಡಿಸಿದ ಅಳತೆ. ಬಿಜಾಗರಿಗೆ ಉಳಿಯಿಂದ ತೋಡಿದ ಗುಂಡಿಗಳಿದ್ದರೆ ಮರದ ಪುಡಿಗೆ ಅಂಟು ಕಲಸಿ ಮೊದಲು ತುಂಬಿಬಿಡಿ, ಮತ್ತೊಮ್ಮೆ ಆಸೆ ಹುಟ್ಟುವುದಿಲ್ಲ.