ಕಂಟ್ರಿ ಪ್ರೇಮಗೀತೆ: ಬಿಡುಗಡೆಗೆ ಮುನ್ನ

ಪ್ರಶ್ನೆ: ನಾವು ರೆಕಾರ್ಡ್ ಮಾಡಿದ ಕಂಟ್ರಿ (ಅಮೆರಿಕದ ಗ್ರಾಮೀಣ ಮೂಲದ ಸಂಗೀತ) ಪ್ರೇಮಗೀತೆಯಲ್ಲಿ ಪೆಡಲ್ ಸ್ಟೀಲ್ ಗಿಟಾರ್ (ಅಡ್ಡಲಾಗಿಟ್ಟು, ತಂತಿಯ ಮೇಲೆ ಉಕ್ಕಿನ ಸರಳು ಜಾರಿಸಿ, ಪೆಡಲ್ ಒತ್ತಿ ನುಡಿಸುವ ಗಿಟಾರ್) ಸಾಹಿತ್ಯವನ್ನೇ ನುಂಗುತ್ತಿದೆ. ವಾಲ್ಯೂಮ್ ಇಳಿಸಿದರೆ ಸಾಕೇ?

ಉತ್ತರ: ಸಾಲದು. ಇಳಿಸಿದರೆ ಸ್ಟೀಲ್‌ನ ಕೊರಗುವ ದನಿ ಹೋಗುತ್ತದೆ, ಸಾಹಿತ್ಯವೇನೂ ಸ್ಪಷ್ಟವಾಗುವುದಿಲ್ಲ. ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನ ವಾದಕರು ಹತ್ತು ತಂತಿಯ ಸ್ಟೀಲ್‌ಗೆ ಇಡುವ ಇ-9 ಎಂಬ ಶ್ರುತಿಯ ಸ್ವರಗಳು ಹಾಡುವ ಕಂಠದ ಆಸುಪಾಸಿನಲ್ಲೇ ಓಡಾಡುತ್ತವೆ. ಹಾಗಾಗಿ ಮೊದಲು ನುಡಿಸುವ ಜಾಗ ಬದಲಿಸಿ. ಸಾಲು ಮುಗಿದು ಗಾಯಕಿ ಉಸಿರೆಳೆದುಕೊಳ್ಳುವ ಆ ಎರಡು ಬೀಟ್‌ನಲ್ಲಿ ಸ್ಟೀಲ್ ಉತ್ತರ ಕೊಡಲಿ. ಹಾಡುವಾಗ ಸುಮ್ಮನಿರಲಿ, ಇಲ್ಲವೇ ಒಂದೇ ಸ್ವರ ಹಿಡಿದಿರಲಿ. ಮೊದಲ ಚರಣಕ್ಕೆ ಅಕೌಸ್ಟಿಕ್ ಗಿಟಾರ್, ಬೇಸ್ ಸಾಕು. ಇಷ್ಟಾದ ಮೇಲೂ ಅಡ್ಡ ಬಂದರೆ ಸ್ಟೀಲ್‌ನ 2ರಿಂದ 3 ಕಿಲೋಹರ್ಟ್ಸ್ ಭಾಗವನ್ನು 2-3 ಡೆಸಿಬೆಲ್ ತಗ್ಗಿಸಿ.

ಪ್ರಶ್ನೆ: ಬಿಡುಗಡೆಗೆ ಎಷ್ಟು ದಿನ ಮೊದಲು ಅಪ್‌ಲೋಡ್ ಮಾಡಬೇಕು?

ಉತ್ತರ: ವಿತರಕರಿಗೆ, ಅಂದರೆ ಹಾಡನ್ನು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ತಲುಪಿಸುವವರಿಗೆ, ನಾಲ್ಕು ವಾರ ಮೊದಲೇ ಕೊಡಿ, ಬಿಡುಗಡೆಯ ದಿನ ಶುಕ್ರವಾರವಿರಲಿ. 2015ರ ಜುಲೈನಿಂದ ಜಗತ್ತಿನಾದ್ಯಂತ ಹೊಸ ಹಾಡುಗಳ ಬಿಡುಗಡೆಗೆ ಅದೇ ದಿನ. ಸ್ಟ್ರೀಮಿಂಗ್ ಆ್ಯಪ್ ಸ್ಪಾಟಿಫೈನ ಸಂಪಾದಕರಿಗೆ ಕನಿಷ್ಠ 7 ದಿನ ಮೊದಲು ಪಿಚ್ ಮಾಡಿದರೆ (ಪ್ಲೇಲಿಸ್ಟ್‌ಗೆ ಸೇರಿಸಿ ಎಂದು ಕೇಳಿಕೊಂಡರೆ) ಹಾಡು ಫಾಲೋವರ್‌ಗಳಿಗೆ ಕಾಣುವ ಹೊಸ ಹಾಡುಗಳ ಪಟ್ಟಿಯಾದ ರಿಲೀಸ್ ರಾಡಾರ್‌ಗೂ ಹೋಗುತ್ತದೆ. ಹಾಡು ಹೊರಬಂದ ಮೇಲೆ ಪಿಚ್ ಮಾಡಲು ದಾರಿಯೇ ಇಲ್ಲ. ವೇವ್ ಫೈಲ್, 3000×3000 ಪಿಕ್ಸೆಲ್ ಮುಖಚಿತ್ರ ಸಿದ್ಧವಿರಲಿ. ಚಿತ್ರದ ಮೇಲೆ ವೆಬ್ ವಿಳಾಸ ಹಾಕಿದರೆ ವಾಪಸ್ ಬರುತ್ತದೆ.

ಹೆಚ್ಚಿನವರು ಎಡವುವುದು 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಕೇತದಲ್ಲಿ. ಅದು ಒಂದೊಂದು ರೆಕಾರ್ಡಿಂಗ್‌ನ ಗುರುತು, ಹಾಡಿನ ರಚನೆಯದ್ದಲ್ಲ. ಅಕೌಸ್ಟಿಕ್ ಆವೃತ್ತಿ ಮಾಡಿದರೆ ಹೊಸ ಸಂಕೇತ ಬೇಕು. ವಿತರಕರನ್ನು ಬದಲಿಸಿದರೆ ಹಳೆಯದನ್ನೇ ಕೊಡಬೇಕು, ಇಲ್ಲವಾದರೆ ಅಲ್ಲಿಯವರೆಗಿನ ಪ್ಲೇ ಎಣಿಕೆ ಕೈತಪ್ಪಬಹುದು.

ಮಾಸ್ಟರ್, ಅಂದರೆ ಅಂತಿಮ ಫೈಲ್‌ನ ಸದ್ದನ್ನು ಅತಿಯಾಗಿ ಏರಿಸಲು ಹೋಗಬೇಡಿ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸದ್ದಿನ ಅಳತೆ) ಮಟ್ಟಕ್ಕೆ ತರುತ್ತದೆ. ಪಿಸುದನಿಯ ಚರಣಕ್ಕೂ ಎದೆ ತುಂಬಿ ಹಾಡುವ ಪಲ್ಲವಿಗೂ ಇರುವ ಅಂತರ ಮಾತ್ರ ಸುಮ್ಮನೆ ನಷ್ಟ.

ಪ್ರಶ್ನೆ: ಹೆಸರಾಂತ ಗಾಯಕರೊಬ್ಬರು ನನ್ನ ಹಾಡನ್ನು ಹಾಡಲು ಒಪ್ಪಿದ್ದಾರೆ, ಆದರೆ ಪಬ್ಲಿಷಿಂಗ್ ಹಕ್ಕಿನಲ್ಲಿ ಅರ್ಧ ಕೇಳುತ್ತಿದ್ದಾರೆ. ಕೊಡಲೇ?

ಉತ್ತರ: ಬರವಣಿಗೆಯಲ್ಲಿ ಅವರ ಕೈ ಇಲ್ಲದಿದ್ದರೆ ಕೊಡಬೇಡಿ. ಪಬ್ಲಿಷಿಂಗ್ ಎಂದರೆ ಹಾಡಿನ ರಚನೆಯ ಹಕ್ಕು. ಅದು ಬೇರೆ, ರೆಕಾರ್ಡಿಂಗ್ ಹಕ್ಕು ಬೇರೆ. ಅಮೆರಿಕದಲ್ಲಿ ಎಎಂ-ಎಫ್‌ಎಂ ರೇಡಿಯೊ ಹಣ ಕೊಡುವುದು ರಚನೆಗೆ ಮಾತ್ರ. ಹಾಡಿದವರಿಗೆ ಏನೂ ಇಲ್ಲ. ಕಂಟ್ರಿ ಹಾಡು ಇವತ್ತಿಗೂ ರೇಡಿಯೊವನ್ನು ನೆಚ್ಚಿಕೊಂಡಿರುವುದರಿಂದ ಆ ಅರ್ಧ ಸಣ್ಣದಲ್ಲ.

ಕಂಟ್ರಿ ಗಾಯಕಿ ಡಾಲಿ ಪಾರ್ಟನ್ ತಾವೇ ಬರೆದು ಹಾಡಿದ ‘ಐ ವಿಲ್ ಆಲ್ವೇಸ್ ಲವ್ ಯೂ’ 1974ರಲ್ಲಿ ಬಿಡುಗಡೆಯಾಗಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಎಲ್ವಿಸ್ ಪ್ರೀಸ್ಲಿ ಅದನ್ನು ಹಾಡಬಯಸಿದಾಗ ಅವರ ಮ್ಯಾನೇಜರ್ ಕೇಳಿದ್ದೂ ಇದೇ ಅರ್ಧ ಪಾಲು. ಎಲ್ವಿಸ್ ದನಿಯಲ್ಲಿ ಕೇಳುವ ಆಸೆ ಎಷ್ಟಿದ್ದರೂ ಡಾಲಿ ಒಪ್ಪಲಿಲ್ಲ. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಹಾಡಿದಾಗ ಅದು ಅಮೆರಿಕದ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರ ಮೊದಲ ಸ್ಥಾನದಲ್ಲಿ 14 ವಾರ ನಿಂತಿತು. ರಚನೆಯ ಹಕ್ಕು ಡಾಲಿ ಕೈಯಲ್ಲೇ ಇತ್ತು.

ಜೊತೆಗೂಡಿ ಬರೆದಿದ್ದರೆ ಬರೆದ ದಿನವೇ ಸ್ಪ್ಲಿಟ್ ಶೀಟ್ ಮಾಡಿ: ಹೆಸರು, ಪಾಲು, ಎಲ್ಲರ ಸಹಿ. ಮೊತ್ತ ಸರಿಯಾಗಿ 100 ಇರಬೇಕು. ಇಬ್ಬರೂ 60 ಎಂದು ಬರೆಸಿದರೆ ತಕರಾರು ಬಗೆಹರಿಯುವತನಕ ಹಣ ತಡೆಹಿಡಿಯಬಹುದು. ಅಮೆರಿಕದ ಸ್ಟ್ರೀಮಿಂಗ್‌ನ ಮೆಕ್ಯಾನಿಕಲ್ ರಾಯಲ್ಟಿಯನ್ನು (ಹಾಡಿನ ಪ್ರತಿ ಮಾಡಿದ್ದಕ್ಕೆ ಬರೆದವರಿಗೆ ಸಿಗುವ ಹಣ) 2021ರಿಂದ ಎಂಎಲ್‌ಸಿ ಸಂಸ್ಥೆ ಹಂಚುತ್ತಿದೆ. ವಿತರಕರಿಗೆ ಹಾಡು ಕೊಟ್ಟ ಮಾತ್ರಕ್ಕೆ ಅಲ್ಲಿ ನೋಂದಣಿ ಆಗಿಬಿಡುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಮಾಡಿಸಿ.